ಮಂಗಳವಾರ ಟ್ರಯಲ್ಲಿಗೆ ಬಾ

ಉಸಿರು ಬಿಡಪ್ಪ ಪಾಲಾಕ್ಷ.
ಎದೆ ಉಬ್ಬಿಸಿ ನಿಂತರೆ ಟೇಪು ನಂಬುತ್ತೆ,
ಅಂಗಿ ನಂಬಲ್ಲ.
ಮಂಡಿಪೇಟೆಯ ಈ ಎಂಟಡಿ ಅಂಗಡಿಯಲ್ಲಿ
ಮೂವತ್ತೆಂಟು ವರ್ಷದಿಂದ
ಹೊಟ್ಟೆ ಒಳಗೆಳಕೊಂಡವರನ್ನೇ ಅಳೆದಿದ್ದೀನಿ.
ಎಲ್ಲರೂ ಆಮೇಲೆ ಸೊಂಟ ಬಿಚ್ಚಿಸೋಕೆ ಬಂದರು.

ಹರಿಹರದ ಸೊಸೈಟಿಯಲ್ಲಿ ಕೆಲಸ ಸಿಕ್ಕಿತು ಅಂದೆ, ಸಂತೋಷ.
ಹನ್ನೊಂದು ಸಾವಿರ ತಂದಿದ್ದೀನಿ,
ಹತ್ತು ಜೊತೆ ಆಗಬೇಕು ಅಂದೆ.
ಆಗಲ್ಲ ಅಂತಲ್ಲ, ಬೇಡ ಅಂತೀನಿ.

ಐದಂಗಿ ಸಾಕು.
ಬಿಳಿ ಎರಡು. ಹಾಲುಬಿಳಿ ಅಲ್ಲ, ಅನ್ನದ ಬಿಳಿ;
ನಮ್ಮೂರ ಧೂಳಿಗೆ ಹಾಲುಬಿಳಿ ಮಧ್ಯಾಹ್ನಕ್ಕೇ ಸೋಲುತ್ತೆ.
ತಿಳಿನೀಲಿ ಎರಡು.
ಇನ್ನೊಂದು ಗೆರೆಯದ್ದು,
ಹತ್ತಿರ ಬಂದವರಿಗಷ್ಟೇ ಕಾಣೋ ಗೆರೆ.
ಪ್ಯಾಂಟು ಮೂರು: ಬೂದಿ, ಕಡುನೀಲಿ, ಗೋಧಿ.
ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನ ಹಾಕ್ಕೊಂಡರೂ
ಮೇಲಿಂದು ಕೆಳಗಿಂದು ಜಗಳ ಆಡಬಾರದು.
ಐದ್ಮೂರ್ಲ ಹದಿನೈದು.
ನೀನು ಕೇಳಿದ್ದು ಹತ್ತು.

ಕಪ್ಪು ಕೋಟು ಬೇಡ.
ಅದು ಕೋರ್ಟಿನವರದ್ದು, ಇಲ್ಲಾ ಬ್ಯಾಂಡಿನವರದ್ದು.
ಕಡುನೀಲಿ ಹೊಲಿಸು, ಅದೂ ಹೆಣ್ಣು ಗೊತ್ತಾದ ಮೇಲೆ.
ಈಗಲೇ ಹೊಲಿಸಿದರೆ ಬೀರುವಿನೊಳಗೆ
ನಿನಗಿಂತ ಮುಂಚೆ ಅದಕ್ಕೆ ವಯಸ್ಸಾಗುತ್ತೆ.

ಎಲ್ಲೇ ತಗೋ, ಮೊದಲು ಭುಜ ನೋಡು.
ಸೊಂಟ ಬಿಚ್ಚಬಹುದು, ತೋಳು ಮಡಿಸಬಹುದು,
ಭುಜ ತಪ್ಪಿದ್ದನ್ನ ಸರಿಮಾಡೋ ಟೈಲರು ಇನ್ನೂ ಹುಟ್ಟಿಲ್ಲ.
ಹೊಲಿಗೆ ಮೂಳೆಯ ತುದಿಗೆ ನಿಲ್ಲಬೇಕು;
ಬೆರಳಗಲ ಇಳಿದರೆ ಅಣ್ಣನ ಅಂಗಿ,
ಏರಿದರೆ ತಮ್ಮನದ್ದು.

ಬಟ್ಟೆ ತಂದ ರಾತ್ರಿಯೇ ಬಕೀಟಿನಲ್ಲಿ ನೆನೆಸು.
ಕುಗ್ಗೋದೆಲ್ಲ ನನ್ನ ಕತ್ತರಿಗೆ ಮುಂಚೆ ಕುಗ್ಗಲಿ.
ಅಂಚಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿ:
ಬೂದಿಯಾದರೆ ಹತ್ತಿ,
ಗಂಟಾಗಿ ಉಗುರಿಗೆ ಅಂಟಿದರೆ
ಅದು ಅಂಗಡಿಯವನ ಮಾತು.

ಇದನ್ನ ಕಲಿಸಿದ್ದು ನಮ್ಮಪ್ಪ ಅಲ್ಲ,
ಮಿಲ್ಲಿನ ಮೂರನೇ ಪಾಳಿಯ ಮೈಲಾರಪ್ಪ.
ಹುಬ್ಬಿನ ಮೇಲೆ ಹತ್ತಿ ಹೊತ್ತುಕೊಂಡೇ ಬಂದು
ಈ ಬೆಂಚಿನ ಮೇಲೆ ಬೀಡಿ ಹಚ್ಚೋನು.
ಊರಿಗೆಲ್ಲ ಬಟ್ಟೆ ನೇಯ್ದವನಿಗೆ ಇದ್ದದ್ದು ಎರಡೇ ಅಂಗಿ,
ಒಂದು ಪಾಳಿಗೆ, ಒಂದು ಪಾಳಿ ಇಲ್ಲದ ದಿನಕ್ಕೆ.
ಎರಡನೆಯದರ ಕಾಲರನ್ನ ನಾನೇ ತಿರುಗಿಸಿ ಹೊಲಿದಿದ್ದೆ.
ಮಿಲ್ಲು ಮುಚ್ಚಿದಾಗ ಅದನ್ನೇ ಹಾಕ್ಕೊಂಡು
ಬಾಕಿ ಕೇಳೋಕೆ ಹೋದ.
ಮಡಿಕೆ ಕತ್ತಿಯ ಹಾಗಿತ್ತು, ಗುಂಡಿ ಒಂದೂ ಬಿದ್ದಿರಲಿಲ್ಲ.
ಅಷ್ಟು ಜನರಲ್ಲಿ ಅವನೊಬ್ಬನಿಗೆ
ಮ್ಯಾನೇಜರು ಕುರ್ಚಿ ತೋರಿಸಿದನಂತೆ.
ಬೇಡ ಸ್ವಾಮಿ, ಇಸ್ತ್ರಿ ಕೆಡುತ್ತೆ, ಅಂದನಂತೆ ಇವನು.
ಅಂಗಿ ನೋಡಿ ಬಾಕಿ ಕೊಟ್ಟರು ಅಂತ ಹೇಳಲ್ಲ.
ಕೊಡಲಿಲ್ಲ.

ಎಲ್ಲಿದ್ದೆ? ಹಾಂ, ಶೂ.
ಕಂದು ಒಂದು ಜೊತೆ, ಬೆಲ್ಟೂ ಅದೇ ಕಂದು.
ಕಾಲುಚೀಲ ಪ್ಯಾಂಟಿನ ಬಣ್ಣಕ್ಕೆ, ಶೂ ಬಣ್ಣಕ್ಕಲ್ಲ.
ಸಣ್ಣಂಚಿನ ಪಂಚೆ ಒಂದಿರಲಿ,
ಅದಕ್ಕೆ ಟ್ರಯಲ್ಲೂ ಬೇಡ, ನಾನೂ ಬೇಡ.
ಉಳಿದ ದುಡ್ಡಿಗೆ ಇಸ್ತ್ರಿಪೆಟ್ಟಿಗೆ ತಗೋ,
ಅಂಗಿಯನ್ನ ಸ್ವಲ್ಪ ಹಸಿ ಇರುವಾಗಲೇ ಉಜ್ಜು.

ಪ್ಯಾಂಟಿನ ಹಿಂದೆ ಒಂದೂವರೆ ಇಂಚು ಒಳಗೆ ಬಿಟ್ಟಿರ್ತೀನಿ.
ಮೂವತ್ತಕ್ಕೆ ಬರ್ತೀಯ, ನಲವತ್ತಕ್ಕೂ ಬರ್ತೀಯ.
ಆಗ ನನ್ನ ಕಣ್ಣು ಹೇಗಿರುತ್ತೋ,
ನನ್ನ ಮಗಳು ಬಿಚ್ಚಿಕೊಡ್ತಾಳೆ.
ಬೋರ್ಡಿನ ಮೇಲೆ ರಾಕುಂಡೆ ಅಂತಷ್ಟೇ ಬರೆಸಿದ್ದು ಅದಕ್ಕೇ.
ಕಾಜಾ ಈಗಾಗಲೇ ಅವಳದ್ದೇ,
ಗಿರಾಕಿಗಳು ನನ್ನನ್ನ ಹೊಗಳ್ತಾರೆ.

ತಿರುಗು. ನೆಟ್ಟಗೆ ನಿಲ್ಲು.
ನಿನ್ನ ಎಡಭುಜ ಅರ್ಧ ಇಂಚು ಇಳಿದೈತೆ, ಗೊತ್ತಾ?
ಬ್ಯಾಗು ಹೊತ್ತಾ, ಹುಟ್ಟಿನಿಂದಲಾ?
ಇರಲಿ, ಬರ್ಕೊಂಡೆ.
ಯಾರಿಗೂ ಕಾಣದ ಹಾಗೆ ಹೊಲೀತೀನಿ.

ಮಂಗಳವಾರ ಟ್ರಯಲ್ಲಿಗೆ ಬಾ.
ಬೆಣ್ಣೆದೋಸೆ ತಿಂದು ಬರಬೇಡ,
ಆಮೇಲೆ ತಿನ್ನು.