ಮೂರು ಕಾಗದ

ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಏಣಿಯಂಥ ಮೆಟ್ಟಿಲು. ಹತ್ತುತ್ತಾ ಶಮೀನಾ ಎಣಿಸಿದಳು: ಹತ್ತೊಂಬತ್ತು.
ಎಣಿಸುವುದು ಅವಳ ಚಟ.
ಆ ಚಟಕ್ಕೇ ಹುಟ್ಟಿದ್ದು ನಮ್ಮ ಪೆಟ್ಟಿಗೆ:
ಸಿಗ್ನಲ್ ಸಾಯುವ ಘಾಟಿಯ ತಿರುವಿನಲ್ಲೂ
ಬಸ್ಸು ಎಲ್ಲಿದೆ, ಎಷ್ಟೊತ್ತಿಗೆ ಬಂದೀತು ಎಂದು
ಮುಂದಿನ ನಿಲ್ದಾಣದ ಕಿವಿಯಲ್ಲಿ ಹೇಳುವ,
ಬುತ್ತಿ ಡಬ್ಬಿಯಷ್ಟೇ ದೊಡ್ಡ ಪೆಟ್ಟಿಗೆ.
ಆಗುಂಬೆ, ಹೊಸನಗರ, ನಿಟ್ಟೂರು,
ಈಗ ಹನ್ನೊಂದು ಬಸ್ಸು.

ನಲವತ್ತು ಲಕ್ಷ ಕೊಡುತ್ತೇವೆಂದವರು ಮೂವರು.
ಮೂವರದು ಮೂರು ಕಾಗದ.
ಸಹಕಾರಿ ಬ್ಯಾಂಕಿನಲ್ಲಿ ಒಂಬತ್ತು ವರ್ಷ ಗುಮಾಸ್ತೆಯಾಗಿದ್ದವಳು ನಾನು,
ರಾತ್ರಿಯೆಲ್ಲ ಕೂತು ಪಟ್ಟಿ ಮಾಡಿದ್ದೆ:
ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು,
ಅರ್ಥವಾಗದ್ದಕ್ಕೆ ಹಳದಿ.
ಬೆಳಗಾಗುವಾಗ ಹಾಳೆ
ಸಾಸಿವೆ ಹೂಬಿಟ್ಟ ಹೊಲ.

ವಕೀಲ ಹಾಲೇಶಪ್ಪನವರು
ಬಗರ್‌ಹುಕುಂ, ಪಾಲುಪಟ್ಟಿ, ಬೇಲಿ ತಕರಾರಿನ ಮನುಷ್ಯ.
ನನ್ನ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ
ಕಾಗದಗಳನ್ನೇ ಓದಿದರು, ಹಿಂದಿನ ಪುಟದಿಂದ ಮುಂದಕ್ಕೆ.

"ಇದು ಸಾಲ. ಹುಳು ಚಿಟ್ಟೆಯಾದ ಹಾಗೆ
ಹದಿನೆಂಟು ತಿಂಗಳಲ್ಲಿ ಸಾಲ ಪಾಲಾಗುತ್ತೆ.
ಆಗದಿದ್ದರೆ ಹುಳುವೇ ಬರುತ್ತೆ ಬಾಗಿಲಿಗೆ, ಬಡ್ಡಿ ಸಮೇತ.

"ಇದರಲ್ಲಿ ಬಡ್ಡಿಯಿಲ್ಲ, ಗಡುವಿಲ್ಲ. ಹೆಸರೇ ಸೇಫ್."
ಕನ್ನಡಕದ ಮೇಲಿಂದ ನೋಡಿದರು. "ಯಾರಿಗೆ ಸೇಫ್?
ನಾಳೆ ನಿಮ್ಮ ಬೆಲೆ ಮುಗಿಲು ಮುಟ್ಟಿದರೂ
ಇವರು ಕೊಳ್ಳೋದು ಈ ಚಾವಣಿಯ ಕೆಳಗಿನ ಬೆಲೆಗೆ.
ಚಾವಣಿ ಎಷ್ಟು ಎತ್ತರ ಅಂತ ಕೇಳಿದ್ರಾ?"
ಕೇಳಿರಲಿಲ್ಲ. ಆ ಚೌಕಕ್ಕೂ ಹಳದಿ ಬಳಿದಿದ್ದೆ.

"ಮೂರನೆಯವರಿಗೆ ಪಾಲು ಈಗಲೇ ಬೇಕು, ಕುರ್ಚಿಯೂ ಬೇಕು.
ಕಂಪನಿ ಮಾರಿದ ದಿನ ಮೊದಲ ಪಂಕ್ತಿ ಇವರದ್ದು,
ಅದೂ ಹಾಕಿದ್ದರ ಎರಡು ಪಟ್ಟು.
ನಿಮ್ಮಿಬ್ಬರದ್ದು ಕೊನೇ ಪಂಕ್ತಿ, ಪಾಯಸ ಉಳಿದಿದ್ದರೆ ಉಂಟು.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ,
ಇಲ್ಲಿ ಕೊಟ್ಟೋನೇ ಈರಭದ್ರ."

ನಾನು ನಕ್ಕೆ. ಶಮೀನಾ ನಗಲಿಲ್ಲ,
ಪುಟ ಎಣಿಸುತ್ತಿದ್ದಳು.

"ಹೋಗಲಿ. ನಾಲ್ಕನೇ ಕಾಗದ ಎಲ್ಲಿ?"
ಯಾವ ನಾಲ್ಕನೆಯದು?
"ನಿಮ್ಮಿಬ್ಬರ ನಡುವಿನದು."

ನಾವು ಎಂಟನೇ ಕ್ಲಾಸಿಂದ, ಸಾರ್, ಎಂದೆ.
"ಅಣ್ಣತಮ್ಮಂದಿರು ಅದಕ್ಕೂ ಮೊದಲಿಂದ, ತಾಯೀ,"
ಎಂದು ಕಪಾಟಿನ ಕಡೆ ಕೈ ತೋರಿಸಿದರು.
ಕೆಂಪು ದಾರ ಕಟ್ಟಿದ ಕಟ್ಟುಗಳು, ಸೂರಿನವರೆಗೆ.

ಹೇಳಲೇಬೇಕಾಯಿತು. ಕಂಪನಿ ಇರುವುದು
ನನ್ನ ಮತ್ತು ಸುಧೀಂದ್ರನ ಹೆಸರಿನಲ್ಲಿ.
ನೋಂದಣಿಯ ವಾರ ಶಮೀನಾಳ ಆಧಾರ್ ತಿದ್ದುಪಡಿಗೆ ಹೋಗಿತ್ತು.
ಆಮೇಲೆ ಸೇರಿಸೋಣ ಅಂದುಕೊಂಡೆವು.
ಸೇರಿಸೋಣ ಎಂದವಳು ನಾನು. ಆಗಲಿ ಎಂದವಳು ಅವಳು.
ತಿದ್ದಿದ ಆಧಾರ್ ಬಂದು ಎರಡು ವರ್ಷವಾಯಿತು.
ಮೂರು ಕಾಗದದಲ್ಲೂ 'ಸ್ಥಾಪಕರು' ಎಂದಿದ್ದಲ್ಲೆಲ್ಲ
ನನ್ನ ಗಂಡನಿದ್ದ. ಪೆಟ್ಟಿಗೆಯ ತಿರುಪು ಯಾವ ಕಡೆಗೆ ತಿರುಗುತ್ತದೆಂದೂ
ಗೊತ್ತಿಲ್ಲದ ಪಾಪದವನು.

ಫ್ಯಾನು ಒಂದು ರೆಕ್ಕೆ ಬಡಿಯುತ್ತ ಸುತ್ತುತ್ತಿತ್ತು.

"ಇವತ್ತು ಯಾವುದಕ್ಕೂ ಸಹಿ ಬೇಡ.
ಮೊದಲು ಆ ನಾಲ್ಕನೆಯದು ಬರೆಯಿರಿ.
ಈ ಮೂರಕ್ಕೆ ನಾನು ಸಾಲದು. ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ.
ಮಂಗಳೂರಿನಲ್ಲಿ ಐರಿನ್ ಕುಟಿನ್ಹಾ ಅಂತ ಇದ್ದಾರೆ, ಇದೇ ಅವರ ಕಸುಬು.
ಫೀಸು ಜಾಸ್ತಿ. ಕೊಡಿ."
ತಮ್ಮದು ಐನೂರು ತಗೊಂಡು ರಸೀದಿ ಹರಿದುಕೊಟ್ಟರು.

ಇಳಿಯುವಾಗ ಅವಳು ಎಣಿಸಲಿಲ್ಲ.
ಬಸ್‌ಸ್ಟ್ಯಾಂಡಿನವರೆಗೂ ನಾನು ಮಾತಾಡಿದೆ,
ಅವಳು ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದಳು.
ತೀರ್ಥಹಳ್ಳಿ ಬಸ್ಸು ಏಳು ನಿಮಿಷ, ಎಂದಿತು ನಮ್ಮ ಪರದೆ.

ಮೂರನೇ ಕಾಗದ ಮಗುಚಿ, ಮಂಡಿಯ ಮೇಲಿಟ್ಟು
ಬೆನ್ನ ಬಿಳಿಯಲ್ಲಿ ಬರೆದಳು:
'ಪೆಟ್ಟಿಗೆ ಮಾಡಿದ್ದು ಶಮೀನಾ ಬಾನು.'
ಕೆಳಗೆ ಗೆರೆ ಎಳೆದು ಪೆನ್ನು ನನಗೆ ಕೊಟ್ಟಳು.
ಮುಂದಿನದು ನಾನು ಬರೆಯಬೇಕು.
ಸಾಸಿವೆಯ ಹಳದಿ ಅಲ್ಲೂ ಇತ್ತು, ನನ್ನ ಬೆರಳ ತುದಿಯಲ್ಲಿ.

ಬಸ್ಸು ಒಂಬತ್ತು ನಿಮಿಷಕ್ಕೆ ಬಂತು.
"ಎರಡು ನಿಮಿಷ ತಪ್ಪು," ಎಂದಳು ಶಮೀನಾ.
ಪೆನ್ನು ವಾಪಸು ಕೇಳಿ
ಅದನ್ನೂ ಬರೆದುಕೊಂಡಳು.