ಫ್ರಿಜ್ಜಿನ ಅಡಿಯ ನೆಲ

ಮೊದಲ ಗಂಟೆ ಪೂರ್ತಿ ಎಣ್ಣೆಯದೇ ಮಾತು.
ಯಾವ ಎಣ್ಣೆ ಬೇಗ ಹೊಗೆಯಾಡುತ್ತದೆ,
ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು,
ಭಾನುವಾರ ಬೆಳಿಗ್ಗೆ ಪಾಕದಲ್ಲಿ ಅದ್ದಿದ ಕೂಸಿಸ್ಟರ್‌ಗಾಗಿ
ಬಟ್ಟಲು ಹಿಡಿದು ಬರುವ ಹುಡುಗರಲ್ಲಿ
ಯಾರು ಸಾಲ ಹೇಳುತ್ತಾರೆ, ಯಾರು ಸುಳ್ಳು.

ನಾನು ಕೇಳಿದ್ದು ಹಿಪ್‌ಹಾಪ್ ಬಗ್ಗೆ.
"ಅಲ್ಲಿಗೇ ಬರ್ತಿದೀನಿ ಕಣೋ," ಅಂದರು ಫಲ್ದೀಲಾ ಆಂಟಿ,
"ದಾರಿ ಅಡುಗೆಮನೆ ಹಾದೇ ಹೋಗೋದು."

ಹೊರಗೆ ಮಿಚೆಲ್ಸ್ ಪ್ಲೇನಿನ ಮರಳು
ಆಗ್ನೇಯದ ಗಾಳಿಗೆ ಬಾಗಿಲ ಸಂದಿಯಲ್ಲಿ ನುಗ್ಗಿ
ನನ್ನ ರೆಕಾರ್ಡರಿನ ಮೇಲೆ ಕೂತಿತು. ಒರೆಸಿದೆ. ಮತ್ತೆ ಕೂತಿತು.

ಹೀಗೆ ಎಷ್ಟು ಮನೆ ಹತ್ತಿಳಿದಿದ್ದೇನೆ ಎರಡು ವರ್ಷದಲ್ಲಿ!
ಒಬ್ಬಾತ ಅಂದು ತಟ್ಟೆ ತಿರುಗಿಸುತ್ತಿದ್ದವನು
ಇಂದು ಟ್ಯಾಕ್ಸಿ ಓಡಿಸುತ್ತಾ, ಗೇರು ಬದಲಿಸುತ್ತಾ
ಸಿಗ್ನಲ್ಲಿಗೊಂದು ವಾಕ್ಯದಂತೆ ಕಥೆ ಕೊಟ್ಟ.
ಇನ್ನೊಬ್ಬ, ರೈಲುಗಳ ಮೈಮೇಲೆ ಹೆಸರು ಬರೆಯುತ್ತಿದ್ದವ,
ಈಗ ಗೋರಿಕಲ್ಲಿಗೆ ಬರೆಯುತ್ತಾನೆ.
"ಇಲ್ಲಿ ಯಾರೂ ಅಟ್ಟಿಸಿಕೊಂಡು ಬರಲ್ಲ" ಎಂದು ನಕ್ಕ.
ಇವರೆಲ್ಲ ಒಂದೇ ಮಾತು ಹೇಳಿದ್ದರು:
ಇಹ್ಸಾನನನ್ನು ಕೇಳು, ತಲೆಯ ಮೇಲೆ ಅವನಷ್ಟು ಹೊತ್ತು
ಯಾರೂ ತಿರುಗಲಿಲ್ಲ.

ಇಹ್ಸಾನ್ ಮಾತಾಡುವುದಿಲ್ಲ.
ಮಾಲ್‌ನಲ್ಲಿ ಕಾವಲು, ಮಂಡಿಗೆ ಪಟ್ಟಿ.
ಅದಕ್ಕೇ ಅವನ ತಾಯಿಯ ಮುಂದೆ ಕೂತಿದ್ದೇನೆ.

ಮೂರನೇ ಗಂಟೆಗೆ ಬಂತು ಕಾಗದ.
ಡಿಸ್ಟ್ರಿಕ್ಟ್ ಸಿಕ್ಸ್‌ನ ಮನೆ ಬಿಡಿ ಎಂದ ಕಾಗದ.
"ಮೆಟ್ಟಿಲು ತರಕ್ಕಾಗಲ್ಲ.
ಬೆಟ್ಟ ಕಾಣೋ ಕಿಟಕಿ ತರಕ್ಕಾಗಲ್ಲ.
ನಮ್ಮಪ್ಪ ಮೊಳೆ ಒಂದೊಂದೇ ಕಿತ್ತು,
ಮುರಿಯದ ಹಾಗೆ ಒದ್ದೆ ಬಟ್ಟೆ ಹಾಕಿ ಮೆದು ಮಾಡಿ,
ನೆಲಾನೇ ಸುತ್ತಿಕೊಂಡು ಬಂದ."

ಹಸಿರು, ಕೆನೆಬಣ್ಣದ ಚೌಕಗಳ ಲಿನೋಲಿಯಂ.
ಇಲ್ಲಿಯ ಬೋಳು ಸಿಮೆಂಟಿನ ಮೇಲೆ ಅದೊಂದೇ
ಅವರ ಪಾದಕ್ಕೆ ಗುರುತಿದ್ದದ್ದು.

ಎಂಬತ್ತನಾಲ್ಕರಲ್ಲಿ,
ಬಂದರಿನಲ್ಲಿ ದುಡಿಯುವ ಯಾರದೋ ಅಣ್ಣ ತಂದ ಕ್ಯಾಸೆಟ್ ಕೇಳಿ
ಹದಿನೈದರ ಮಗ ಬ್ರೆಡ್ಡಿನ ಚಾಕುವಿನಿಂದ
ಅರ್ಧ ಅಡುಗೆಮನೆ ಕೊಯ್ದು ಹೊತ್ತೊಯ್ದ.

"ಕೋಲು ಹಿಡಿದು ಹೋದೆ. ಚರ್ಮ ಸುಲೀತೀನಿ ಅಂತಲೇ ಹೋದೆ.
ಅಂಗಡಿ ಮುಂದೆ ಗುಂಪು. ನಡುವೆ ನನ್ನ ನೆಲ.
ನೆಲದ ಮೇಲೆ ತಲೆಕೆಳಗಾಗಿ ನನ್ನ ಮಗ,
ಮೊಸರು ಕಡೆಯೋ ಕಡಗೋಲಿನ ಹಾಗೆ.
ಅಷ್ಟರಲ್ಲಿ ಪೊಲೀಸರ ಹಳದಿ ವ್ಯಾನು ತಿರುವಿನಲ್ಲಿ.
ಹುಡುಗರು ಏನು ಮಾಡಿದರು ಗೊತ್ತೇನೋ?
ಪೆಟ್ಟಿಗೆ ಬಿಟ್ಟರು, ಶೂ ಬಿಟ್ಟರು,
ನೆಲ ಸುತ್ತಿ ಹೆಗಲಿಗೆ ಹಾಕ್ಕೊಂಡು ಓಡಿದರು.
ನಮ್ಮಪ್ಪ ನಡೆದು ಬಂದಿದ್ದ.
ಇವರು ಓಡಿದರು. ಅಷ್ಟೇ."

ಆಮೇಲೆ ಅವರು ಸುಮ್ಮನಾದರು.
ಟೇಪಿನಲ್ಲಿ ನಾಲ್ಕು ನಿಮಿಷ ಬರೀ ಗಾಳಿ.
ಅದನ್ನು ನಾನು ಕತ್ತರಿಸಿಲ್ಲ.

ಕೋಲು ಏನಾಯಿತು ಎಂದು ಕೇಳಿದೆ.
"ಅದೇ, ಪರದೆ ನೇತಾಕಿದೆಯಲ್ಲ" ಅಂದರು.

ಆಮೇಲೆ ಇಬ್ಬರೂ ಸೇರಿ ಫ್ರಿಜ್ಜು ಎಳೆದೆವು.
ಧೂಳು, ಒಂದು ಗುಂಡಿ, ಒಣಗಿದ ಬಟಾಣಿ,
ಅವುಗಳ ಅಡಿಯಲ್ಲಿ ಉಳಿದ ತುಂಡು:
ಹಸಿರು, ಕೆನೆ, ಹಸಿರು,
ನಡುವೆ ಬಣ್ಣ ಪೂರ್ತಿ ಸವೆದ ಒಂದು ದುಂಡು,
ಚಪಾತಿಯಷ್ಟಗಲ.

ಆಗಲೇ ಬಾಗಿಲಲ್ಲಿ ಸಮವಸ್ತ್ರ.
"ಫ್ರಿಜ್ ಯಾರು ಎಳೆದದ್ದು?"
ನನಗೆ ಸಿಕ್ಕ ಇಹ್ಸಾನನ ಸಂದರ್ಶನ ಇಷ್ಟೇ.

ಕೆಂಪು ದೀಪ ಆರಿಸಲು ಮರೆತಿದ್ದೆ.
ಮನೆಗೆ ಹೋಗಿ ಕಿವಿಗೆ ಹಚ್ಚಿದರೆ,
ತಾಯಿ ಚಹಾ ಸೋಸುವ ಸದ್ದಿನ ಹಿಂದೆ
ಬೂಟಿನ ಹಿಮ್ಮಡಿ ಮೆಲ್ಲಗೆ
ಒಂದು ಸುತ್ತು ತಿರುಗಿದ ಕಿರ್ರ್,
ನಿಂತದ್ದು,
ಮತ್ತೆ ಅರ್ಧ ಸುತ್ತು.