ಕೆನ್ನೆ

ಸೆಲ್ಡೋವಿಯಾದ ಜೂನ್‌ನಲ್ಲಿ ರಾತ್ರಿ ಅನ್ನುವುದು
ಬರೀ ಒಂದು ಮರ್ಯಾದೆಯ ಮಾತು.
ನಾಲ್ಕು ಗಂಟೆಗೆ ಬೆಳಕು ಆಗಲೇ ಹಳತಾಗಿತ್ತು.
ದುಡ್ಡು ಕಟ್ಟಿದ ಆರು ಜನ ಬಂದರು,
ಹೊಸ ಬೂಟು, ಹೊಸ ಟೋಪಿ, ಜೇಬಲ್ಲಿ ಶುಂಠಿ ಮಾತ್ರೆ.
ಒಬ್ಬನ ಬೂಟು ಮಾತ್ರ ಸವೆದದ್ದು:
ಡೆಲ್ಮರ್ ಕ್ರೂಸ್, ನೆಬ್ರಾಸ್ಕಾದವನು,
ನಿನ್ನೆಯವರೆಗೆ ಸಮುದ್ರ ಕಂಡವನಲ್ಲ.

ನಾನು ಈ ದೋಣಿಯ ಕೈಯಾಳು. ಇದು ಆರನೇ ಬೇಸಿಗೆ.
ಗಾಳಕ್ಕೆ ಹೆರಿಂಗ್ ಪೋಣಿಸುವುದು, ಸಿಕ್ಕು ಬಿಡಿಸುವುದು,
ವಾಂತಿ ತೊಳೆಯುವುದು,
ಯಾರ ಮೀನಿಗಾದರೂ ಅಬ್ಬಾ ಅನ್ನುವುದು.
ಚುಕ್ಕಾಣಿ ಸೋದರತ್ತೆ ಅಗ್ರಫೇನಾಳದು. ಮಾತು ಕಡಿಮೆ.
ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚೆ
ನೀರು ಉಸಿರು ಕಟ್ಟಿ ನಿಲ್ಲುವ ಇಪ್ಪತ್ತು ನಿಮಿಷ
ಅವಳಿಗೆ ಮೂಳೆಯಲ್ಲೇ ಗೊತ್ತು.
ಎಂಜಿನ್ ಆರಿಸಿ ಅಂದಳು: "ಬಿಡಿ."

ಒಂದೂವರೆ ಕಿಲೋ ಸೀಸ
ನಲವತ್ತು ಮಾರು ಇಳಿದು ತಳಕ್ಕೆ ಬಡಿಯಿತು.
ಅದು ಕಿವಿಗಲ್ಲ, ಮೊಣಕೈಗೆ ಕೇಳುವ ಸದ್ದು.

ಡೆಲ್ಮರನ ಕೋಲು ಬಾಗಿತು.
"ಬಂಡೆ," ಅಂದ.
ಬಂಡೆ ನಡೆಯತೊಡಗಿತು.

ಐವತ್ತು ನಿಮಿಷ. ಅವನು ಸುತ್ತಿದ್ದನ್ನೆಲ್ಲ
ಅದು ಒಂದೇ ಓಟಕ್ಕೆ ವಾಪಸು ಕೇಳಿತು, ಮೂರು ಸಲ.
ಆಮೇಲೆ ಹಸಿರೊಳಗೆ ಒಂದು ಕಂದು,
ಕಂದಿಗೊಂದು ಅಂಚು, ಆ ಅಂಚು ಮುಗಿಯುತ್ತಲೇ ಇಲ್ಲ.
ಕೊಟ್ಟಿಗೆಯ ಬಾಗಿಲು ಅನ್ನುತ್ತಾರೆ ನಮ್ಮ ಕಡೆ.
ನಾನು ಈಟಿ ಹಾಕಿದೆ. ಅತ್ತೆ ಬಂದೂಕು ತಂದಳು.
ಆ ಸದ್ದಿನ ನಂತರ ಹೊಸ ಟೋಪಿಗಳು ಕೂಗಿದವು.
ಡೆಲ್ಮರ್ ತನ್ನ ಟೋಪಿ ತೆಗೆದ.

ನಾನು ದಿನವೂ ಒಪ್ಪಿಸುವ ಪಾಠ ಒಪ್ಪಿಸಿದೆ:
ಮರಿಯಾಗಿದ್ದಾಗ ಹಾಲಿಬಟ್‌ಗೂ ಎರಡು ಬದಿಗೆ ಎರಡು ಕಣ್ಣು,
ನಿಮ್ಮ ಹಾಗೇ.
ಆಮೇಲೆ ಎಡಗಣ್ಣು ಹಣೆ ಹತ್ತಿ ಬಲಕ್ಕೆ ಇಳಿಯುತ್ತದೆ,
ಮಣ್ಣಿನ ಕಡೆ ನೋಡುವಂಥದ್ದೇನಿದೆ ಅಂತ.
ಜನ ನಗುವ ಜಾಗ ಇದು. ನಕ್ಕರು.
ಅವನು ಆ ಕಣ್ಣು ಬಂದ ದಾರಿಯನ್ನು
ಬೆರಳಲ್ಲಿ ಹುಡುಕುತ್ತಿದ್ದ.

ದಡದಲ್ಲಿ ತೂಗುಹಾಕಿದೆವು. ಇನ್ನೂರ ಹದಿನಾಲ್ಕು ಪೌಂಡು.
ಫೋಟೋ, ಫೋಟೋ, ಇನ್ನೊಂದು ಫೋಟೋ.
ಕೊನೆಗೆ ಕೊಯ್ಯುವ ಮೇಜು, ಗಲ್ಲು ಹಕ್ಕಿಗಳು, ನಾನು.

ಈಗ ಹೇಳುತ್ತೇನೆ:
ಹಾಲಿಬಟ್‌ನಲ್ಲಿ ರುಚಿಯೆಂದರೆ ಕೆನ್ನೆ.
ಊರವರಿಗೆ ಗೊತ್ತು, ಬಂದವರಿಗೆ ಗೊತ್ತಿಲ್ಲ.
ತಲೆ ಬಿಸಾಡುವಂತೆ ಮಾಡಿ
ಎರಡು ಕೆನ್ನೆ ಡಬ್ಬಿಗಿಳಿಸುವುದನ್ನು
ಆರು ಬೇಸಿಗೆಯಲ್ಲಿ ಯಾರೂ ನೋಡಿರಲಿಲ್ಲ.

"ತಲೆ ಎಲ್ಲಿಗೆ?" ಅಂದ ಡೆಲ್ಮರ್.
ನಲವತ್ತೊಂದು ವರ್ಷ ಕಟುಕನ ಅಂಗಡಿ ಇಟ್ಟವನಂತೆ.
"ದನದ್ದಾದರೆ ಇಲ್ಲಿ," ಎಂದು ತನ್ನ ದವಡೆ ಮುಟ್ಟಿಕೊಂಡು
ಚಾಕು ಕೇಳಿ ಇಸಿದುಕೊಂಡ.
ಯಾರೂ ಕಲಿಸದ ಕೈ
ಒಂದೇ ಸುತ್ತಿಗೆ ದುಂಡಗೆ ಬಿಡಿಸಿತು, ಮಗುಚಿ ಇನ್ನೊಂದು.
ಒಂದನ್ನು ನನ್ನ ಡಬ್ಬಿಗೆ ಹಾಕಿದ.
ಡಬ್ಬಿಯ ಮುಚ್ಚಳ ನಾನು ತೆರೆದೇ ಇಟ್ಟಿದ್ದೆ,
ಅದನ್ನು ಅವನು ಯಾವಾಗ ನೋಡಿದನೋ.

ಸಂಜೆ ಅತ್ತೆ ಬಾಣಲೆಯ ಮುಂದೆ ನಿಂತು
ಡಬ್ಬಿ ಓರೆ ಮಾಡಿದಳು:
"ಇನ್ನೊಂದು?"

"ಒಬ್ಬ ಕೇಳಿದ," ಅಂದೆ.

ಎಣ್ಣೆ ಕಾಯುತ್ತಿತ್ತು.